ಚಂಪಿಯಿಂದ ಶಾಂಪೂವಿಗೆ: ತಲೆ ನೀವಿದ ಕೈಗಳ ಚರಿತ್ರೆ

ಇಂದು ಕರ್ನಾಟಕದ ಯಾವ ಹಳ್ಳಿಯ ಗೂಡಂಗಡಿಗೆ ಹೋದರೂ ಬಾಗಿಲಿನ ಮೇಲೆ ತೋರಣದಂತೆ ಇಳಿಬಿಟ್ಟ ಶಾಂಪೂ ಪೊಟ್ಟಣಗಳು ಕಾಣಿಸುತ್ತವೆ. ಶಾಂಪೂ ಎಂದರೆ ಪರದೇಶದಿಂದ ಬಂದ ವಸ್ತು, ಇಂಗ್ಲಿಷರ ಪದ ಎಂದೇ ನಮ್ಮಲ್ಲಿ ಹೆಚ್ಚಿನವರ ತಿಳಿವಳಿಕೆ. ನಿಜವೆಂದರೆ ಆ ಪದ ಇಲ್ಲಿಂದಲೇ ಹೋದದ್ದು. ಹಿಂದಿ-ಉರ್ದುವಿನಲ್ಲಿ 'ಚಾಂಪ್ನಾ' ಎಂದರೆ ಒತ್ತು, ಅದುಮು, ನಾದು ಎಂದರ್ಥ. 'ಚಾಂಪೋ' ಎಂದರೆ 'ಒತ್ತು' ಎಂಬ ಅಪ್ಪಣೆ. ಯಜಮಾನ ಸೇವಕನಿಗೆ ಕೊಡುತ್ತಿದ್ದ ಈ ಅಪ್ಪಣೆ 1762ರ ಹೊತ್ತಿಗೆ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡಿತು. ಆಗ ಅದಕ್ಕೆ ನೊರೆಯ ಜೊತೆಗಾಗಲೀ ಬಾಟಲಿಯ ಜೊತೆಗಾಗಲೀ ಸಂಬಂಧವಿರಲಿಲ್ಲ. ಒಬ್ಬರ ಮೈಯನ್ನು ಇನ್ನೊಬ್ಬರ ಕೈ ಒತ್ತುವುದಕ್ಕೆ ಮಾತ್ರ ಆ ಹೆಸರಿತ್ತು.

ಕನ್ನಡಿಗರಿಗೆ ಈ ಅರ್ಥ ಹೊಸದಲ್ಲ. ಹಳೆ ಮೈಸೂರಿನ ಕಡೆ ತಲೆಸ್ನಾನಕ್ಕೆ ಮುಂಚೆ 'ಎಣ್ಣೆ ಒತ್ತಿಕೊಳ್ಳುವುದು' ಎನ್ನುತ್ತಾರೆ. ಎಣ್ಣೆಯನ್ನು ಸವರುವುದಲ್ಲ, ಬಳಿಯುವುದಲ್ಲ, ಒತ್ತುವುದು. ಉತ್ತರದ ಚಾಂಪೋ, ನಮ್ಮ ಒತ್ತು, ಎರಡರ ಅರ್ಥವೂ ಒಂದೇ. ಎಣ್ಣೆ ಒಂದು ನೆಪ, ಕೆಲಸವೆಲ್ಲ ಕೈಯದು. ಆದರೆ ಆ ಕೈ ಯಾರದಾಗಿತ್ತು, ಆ ಕೈಯವರನ್ನು ಸಮಾಜ ಹೇಗೆ ನಡೆಸಿಕೊಂಡಿತು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ. ತಲೆ ನೀವುವ ಈ ಸಣ್ಣ ಮನೆವಾರ್ತೆಯ ಚರಿತ್ರೆಯನ್ನು ಹಿಡಿದು ಹೊರಟರೆ ನಮ್ಮ ಸಮಾಜದ ಒಂದು ದೊಡ್ಡ ವಿರೋಧಾಭಾಸ ಎದುರಾಗುತ್ತದೆ.

ಗ್ರಂಥಗಳಲ್ಲಿ, ಅರಮನೆಗಳಲ್ಲಿ

ಭಾರತದ ವೈದ್ಯ ಗ್ರಂಥಗಳು ತಲೆಗೆ ಎಣ್ಣೆ ಹಚ್ಚುವುದನ್ನು ಶೃಂಗಾರವೆಂದು ನೋಡಿಲ್ಲ, ಆರೋಗ್ಯದ ದಿನಚರಿಯೆಂದು ನೋಡಿವೆ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ದಿನವೂ ತಲೆಗೆ ಎಣ್ಣೆ ಹಚ್ಚುವವನಿಗೆ ತಲೆನೋವು ಬಾರದು, ಕೂದಲು ಉದುರದು, ಇಂದ್ರಿಯಗಳು ತಿಳಿಯಾಗುತ್ತವೆ, ಸುಖನಿದ್ರೆ ಬರುತ್ತದೆ ಎಂಬ ಮಾತಿದೆ. ವಾಗ್ಭಟನು ಅಷ್ಟಾಂಗ ಹೃದಯದಲ್ಲಿ ಮೈಗೆಲ್ಲ ಎಣ್ಣೆ ಹಚ್ಚಲು ಹೇಳುತ್ತ ತಲೆ, ಕಿವಿ ಮತ್ತು ಪಾದಗಳಿಗೆ ವಿಶೇಷವಾಗಿ ಹಚ್ಚಬೇಕೆನ್ನುತ್ತಾನೆ. ಅಜೀರ್ಣವಿದ್ದಾಗ, ಕಫ ಹೆಚ್ಚಿದಾಗ ಬೇಡವೆಂದು ಎಚ್ಚರಿಕೆಯನ್ನೂ ಕೊಡುತ್ತಾನೆ.

ಮೌರ್ಯರ ಆಸ್ಥಾನಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಾಸ್ತನೀಸನಿಗೂ ಈ ಪದ್ಧತಿ ಅಚ್ಚರಿ ಹುಟ್ಟಿಸಿತ್ತು. ಭಾರತೀಯರು ವ್ಯಾಯಾಮಗಳಲ್ಲಿ ಮೈ ತಿಕ್ಕಿಸಿಕೊಳ್ಳುವುದನ್ನು ಬಹಳ ಮೆಚ್ಚುತ್ತಾರೆ, ರಾಜನು ನ್ಯಾಯ ವಿಚಾರಣೆ ಕೇಳುತ್ತಿರುವಾಗಲೇ ನಾಲ್ವರು ಸೇವಕರು ಸುತ್ತ ನಿಂತು ಅವನ ಮೈ ತಿಕ್ಕುತ್ತಾರೆ ಎಂದು ಅವನು ಬರೆದದ್ದನ್ನು ಸ್ಟ್ರಾಬೋ ಎಂಬ ಭೂಗೋಳಕಾರ ಉಳಿಸಿಕೊಟ್ಟಿದ್ದಾನೆ. ರಾಜ ಯಾರು, ವ್ಯಾಜ್ಯವೇನು ಎಂಬುದಕ್ಕೆ ಚರಿತ್ರೆಯಲ್ಲಿ ಜಾಗ ಸಿಕ್ಕಿತು. ಆ ನಾಲ್ವರ ಹೆಸರು ಯಾರಿಗೂ ಗೊತ್ತಿಲ್ಲ.

ನಮ್ಮ ನಾಡಿನ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ಸಂಸ್ಕೃತ ವಿಶ್ವಕೋಶ 'ಮಾನಸೋಲ್ಲಾಸ'. ರಾಜನ ಭೋಗಗಳನ್ನು ಪಟ್ಟಿ ಮಾಡುವ ಅದರ ಭಾಗದಲ್ಲಿ ಸ್ನಾನಭೋಗಕ್ಕೆ ಪ್ರತ್ಯೇಕ ಸ್ಥಾನವಿದೆ. ಸುಗಂಧ ತೈಲ ಹಚ್ಚಿಸಿಕೊಂಡು, ಮೈ ತಿಕ್ಕಿಸಿಕೊಂಡು ಮೀಯುವುದು ಅರಸನ ದಿನಚರಿಯ ಭಾಗವೇ ಆಗಿತ್ತು.

ಯುನಾನಿ ವೈದ್ಯಪದ್ಧತಿಯಲ್ಲಿ ಇದೇ ವಿದ್ಯೆಗೆ 'ದಲ್ಕ್' ಎಂದು ಹೆಸರು. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತನ್ನ 'ಅಲ್ ಕಾನೂನ್ ಫಿತ್ತಿಬ್' ಗ್ರಂಥದಲ್ಲಿ ಉಜ್ಜುವಿಕೆಯನ್ನು ಗಟ್ಟಿ, ಮೃದು, ದೀರ್ಘ, ಮಧ್ಯಮ ಎಂದು ವಿಂಗಡಿಸಿ, ಯಾವುದರಿಂದ ದೇಹ ಬಿಗಿಯಾಗುತ್ತದೆ, ಯಾವುದರಿಂದ ಸಡಿಲವಾಗುತ್ತದೆ ಎಂದು ವಿವರಿಸಿದ್ದಾನೆ. ವ್ಯಾಯಾಮಕ್ಕೆ ಮುಂಚಿನ ಉಜ್ಜುವಿಕೆ ಬೇರೆ, ದಣಿದ ಮೇಲೆ ಮೈಯನ್ನು ಮತ್ತೆ ಸ್ಥಿತಿಗೆ ತರುವ ಉಜ್ಜುವಿಕೆ ಬೇರೆ ಎನ್ನುತ್ತಾನೆ. ಹಕೀಮರು ನಿದ್ರೆ ಬಾರದವರಿಗೆ ತಲೆಗೆ ತಿಕ್ಕಲು ಬಾದಾಮಿ ಎಣ್ಣೆಯನ್ನೋ ಏಳು ಬಗೆಯ ಬೀಜಗಳಿಂದ ತೆಗೆದ 'ರೋಗನೆ ಲಬೂಬೆ ಸಬಾ' ಎಂಬ ಎಣ್ಣೆಯನ್ನೋ ಹೇಳುವ ಪದ್ಧತಿ ಇಂದಿಗೂ ಇದೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ 'ಇಲಾಜ್ ಬಿತ್ತದ್ಬೀರ್' ಎಂಬ ವಿಭಾಗವೇ ಇದ್ದು, ದಲ್ಕ್ ಮತ್ತು ಹಮಾಮ್ ಅಲ್ಲಿನ ಚಿಕಿತ್ಸೆಗಳಲ್ಲಿ ಸೇರಿವೆ.

ಹಮಾಮ್ ಎಂದೊಡನೆ ನೆನಪಾಗುವುದು ಬೀದರ್. ಅಲ್ಲಿನ ಕೋಟೆಯೊಳಗೆ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿರುವ ಕಟ್ಟಡ ಒಂದು ಕಾಲದ ಶಾಹಿ ಹಮಾಮ್, ಅಂದರೆ ಅರಮನೆಯ ಸ್ನಾನಗೃಹ. ಪರ್ಶಿಯನ್ ಭಾಷೆಯನ್ನು ಆಡುತ್ತಿದ್ದ ನಾಡುಗಳ ಹಮಾಮುಗಳಲ್ಲಿ ಮೈ ಉಜ್ಜುವವನನ್ನು 'ದಲ್ಲಾಕ್' ಎನ್ನುತ್ತಿದ್ದರು. ಕ್ಷೌರಿಕನಿಗೂ ಅದೇ ಹೆಸರಿತ್ತು. ನಾವಿಂದು ಬಳಸುವ 'ಮಾಲೀಸು' ಕೂಡ ಪರ್ಶಿಯನ್ನಿನ 'ಮಾಲಿಷ್'. 'ಮಸಾಜ್' ಎಂಬ ಫ್ರೆಂಚ್ ಪದದ ಬೇರು ಮುಟ್ಟು ಎಂಬ ಅರ್ಥದ ಅರಬಿ 'ಮಸ್ಸ'ದಲ್ಲಿ ಇರಬಹುದೆಂದು ಅನೇಕ ನಿಘಂಟುಕಾರರು ಹೇಳುತ್ತಾರೆ. ಚಂಪಿ, ಮಾಲೀಸು, ಮಸಾಜ್ ಎಲ್ಲವೂ ಕೈಯ ಕೆಲಸದ ಹೆಸರುಗಳೇ.

ಬಚ್ಚಲುಮನೆಯ ವಿದ್ಯೆ

ಅರಮನೆಯಲ್ಲಿ ಸೇವಕರು ಮಾಡಿದ ಕೆಲಸವನ್ನು ಸಾಮಾನ್ಯರ ಮನೆಯಲ್ಲಿ ಹೆಂಗಸರು ಮಾಡಿದರು. ದೀಪಾವಳಿಯ ಮುನ್ನಾದಿನ ಹಂಡೆ ತೊಳೆದು ನೀರು ತುಂಬಿ, ನರಕ ಚತುರ್ದಶಿಯ ಬೆಳಗಿನ ಜಾವ ಮನೆಮಂದಿಗೆಲ್ಲ ಎಣ್ಣೆ ಒತ್ತುವ ಅಭ್ಯಂಜನ ಸ್ನಾನ ಕನ್ನಡ ನಾಡಿನ ದೊಡ್ಡ ಸಂಭ್ರಮ. ಹಬ್ಬವಿಲ್ಲದ ವಾರಗಳಲ್ಲೂ ಎಣ್ಣೆಸ್ನಾನ ಇದ್ದೇ ಇತ್ತು. ಉತ್ತರ ಕರ್ನಾಟಕದಲ್ಲಿ ತಲೆಗೆ ನೀರು ಹಾಕಿಕೊಳ್ಳುವುದಕ್ಕೆ 'ಎರಕೊಳ್ಳುವುದು' ಎಂಬ ಬೇರೆ ಮಾತೇ ಇದೆ. ಬಾಣಂತಿಗೂ ಕೂಸಿಗೂ 'ಎಣ್ಣೆ ನೀರು' ಹಾಕಲೆಂದೇ ಊರಿನಲ್ಲಿ ಪಳಗಿದ ಕೈಯ ಅಜ್ಜಿಯೊಬ್ಬಳು ಇರುತ್ತಿದ್ದಳು. ಇದರಲ್ಲಿ ಹಿಂದೂ ಮನೆ, ಮುಸ್ಲಿಮ್ ಮನೆ ಎಂಬ ಭೇದವಿರಲಿಲ್ಲ. ಬಯಲುಸೀಮೆಯಲ್ಲಿ ಹರಳೆಣ್ಣೆ, ಕರಾವಳಿಯಲ್ಲಿ ಕೊಬ್ಬರಿ ಎಣ್ಣೆ. ತೊಳೆಯಲು ಸೀಗೇಕಾಯಿ, ಅಂಟುವಾಳ, ಮಲೆನಾಡಿನ ಕಡೆ ಮತ್ತಿ ಸೊಪ್ಪಿನ ಅಥವಾ ದಾಸವಾಳದ ಎಲೆಯ ಲೋಳೆ. ನೆಲ ಬದಲಾದಂತೆ ಸಾಮಗ್ರಿ ಬದಲಾಯಿತೇ ಹೊರತು ಧರ್ಮ ಬದಲಾದಂತೆ ಅಲ್ಲ.

ಈ ವಿದ್ಯೆಯನ್ನು ಯಾರೂ ಪುಸ್ತಕ ನೋಡಿ ಕಲಿಯಲಿಲ್ಲ. ತಾಯಿ ತನ್ನ ಮುಂದೆ ಮಗಳನ್ನು ಕೂರಿಸಿಕೊಂಡು ನೆತ್ತಿಗೆ ಎಣ್ಣೆ ತಟ್ಟುವಾಗ ಮಗಳ ತಲೆಯೇ ಅದನ್ನು ಕಲಿಯುತ್ತಿತ್ತು. ಮುಂದೊಂದು ದಿನ ಅದೇ ಒತ್ತು, ಅದೇ ಹದ ಅವಳ ಬೆರಳಿಗೆ ಬರುತ್ತಿತ್ತು. ಮನೆಯ ಎಷ್ಟೋ ಗುಟ್ಟಿನ ಮಾತುಗಳು ಹೊರಬರುತ್ತಿದ್ದುದೂ ಆಗಲೇ. ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಕುಳಿತಾಗ, ತಲೆಯ ಮೇಲೆ ನಂಬಿಕೆಯ ಕೈಯಿದ್ದಾಗ, ಹೇಳಲಾಗದ್ದನ್ನು ಹೇಳುವುದು ಸುಲಭ.

ಮುಟ್ಟುವ ಕೈಗೆ ಮೈಲಿಗೆ

ಮನೆಯಿಂದ ಹೊರಗೆ ಈ ವಿದ್ಯೆ ಬಲ್ಲವನು ಕ್ಷೌರಿಕ. ಕೂದಲು ಕತ್ತರಿಸುವುದಷ್ಟೇ ಅವನ ಕೆಲಸವಾಗಿರಲಿಲ್ಲ. ಗಾಯಕ್ಕೆ ಮದ್ದು ಕಟ್ಟುವವನು, ಕುರು ಕೊಯ್ಯುವವನು, ಕೆಟ್ಟ ರಕ್ತ ತೆಗೆಯುವವನು ಅವನೇ. ನಮ್ಮಲ್ಲಿ ಬೈಗುಳವಾಗಿ ಬಳಕೆಯಾಗುವ 'ಹಜಾಮ' ಎಂಬ ಪದವನ್ನು ನೋಡಿ. ಅದು ಅರಬಿಯ 'ಹಜ್ಜಾಮ್'. ಹಿಜಾಮ ಚಿಕಿತ್ಸೆ ಮಾಡುವವನು, ಅಂದರೆ ಬಟ್ಟಲು ಕೂರಿಸಿ ರಕ್ತ ತೆಗೆಯುವವನು ಎಂದು ಅದರ ಅರ್ಥ. ಚಿಕಿತ್ಸಕನ ಹೆಸರೊಂದು ನಮ್ಮ ನಾಲಿಗೆಯ ಮೇಲೆ ಬೈಗುಳವಾಯಿತು. ತಪ್ಪು ಪದದ್ದಲ್ಲ, ನಾಲಿಗೆಯದು.

ಜಾತಿ ವ್ಯವಸ್ಥೆಯ ವೈಚಿತ್ರ್ಯ ಇಲ್ಲಿ ಎದ್ದು ಕಾಣುತ್ತದೆ. ದೇಹದಲ್ಲಿ ತಲೆಯೇ ಶ್ರೇಷ್ಠವೆಂದ ಸಮಾಜ, ಆ ತಲೆಯನ್ನು ಮುಟ್ಟುವ ಕೈಯನ್ನು ಕೀಳೆಂದಿತು. ಚೂಪಾದ ಕತ್ತಿ ಹಿಡಿದವನಿಗೆ ನಂಬಿಕೆಯಿಂದ ಕುತ್ತಿಗೆ ಒಡ್ಡಿದವನೇ, ಅವನ ಕೆಲಸ ಮುಗಿದ ಕೂಡಲೇ ಮೈಲಿಗೆಯೆಂದು ಸ್ನಾನಕ್ಕೆ ಓಡಿದ. ಬೆಳಿಗ್ಗೆ ಎದ್ದು ಕ್ಷೌರಿಕನ ಮುಖ ನೋಡುವುದೇ ಅಪಶಕುನ ಎಂಬ ಮೂಢನಂಬಿಕೆ ಬೇರೆ. ಇದಕ್ಕೆ ಹನ್ನೆರಡನೆಯ ಶತಮಾನದ ಶರಣರು ಕೊಟ್ಟ ಉತ್ತರವನ್ನು ಕನ್ನಡಿಗರು ಮರೆಯಬಾರದು. ಹಡಪದ ಅಪ್ಪಣ್ಣನನ್ನು ಬಸವಣ್ಣನವರು ತಮ್ಮ ಆಪ್ತನನ್ನಾಗಿ ಮಾಡಿಕೊಂಡರು. ತಮ್ಮನ್ನು ಕಾಣಬಂದವರು ಮೊದಲು ಅಪ್ಪಣ್ಣನನ್ನು ಕಂಡೇ ಬರಬೇಕೆಂದು ಏರ್ಪಾಟು ಮಾಡಿದ್ದರೆಂಬ ಕಥನ ಜನಜನಿತವಾಗಿದೆ. ಯಾರ ಮುಖ ಅಪಶಕುನವೋ ಆ ಮುಖವೇ ಬಾಗಿಲಾಯಿತು. ಅಪ್ಪಣ್ಣನೂ ಆತನ ಪತ್ನಿ ಲಿಂಗಮ್ಮನೂ ವಚನಕಾರರಾಗಿ ಉಳಿದಿದ್ದಾರೆ.

ಮುಸ್ಲಿಮ್ ಸಮಾಜವೂ ಇಲ್ಲಿ ಆತ್ಮಪರಿಶೀಲನೆ ಮಾಡಿಕೊಳ್ಳಬೇಕಾಗಿದೆ. ಪ್ರವಾದಿ ಮುಹಮ್ಮದ್(ಸ)ರಿಗೆ ಹಿಜಾಮ ಮಾಡಿದವರು ಅಬೂ ತೈಬಾ(ರ) ಎಂಬ ಗುಲಾಮ. ಪ್ರವಾದಿಯವರು ಅವರ ದುಡಿಮೆಗೆ ಆಹಾರ ಪದಾರ್ಥದ ರೂಪದಲ್ಲಿ ಕೂಲಿ ಕೊಟ್ಟರು. ಅಷ್ಟಕ್ಕೇ ನಿಲ್ಲದೆ ಅವರ ಒಡೆಯರೊಂದಿಗೆ ಮಾತಾಡಿ, ಅವರು ದಿನವೂ ತೆರಬೇಕಾಗಿದ್ದ ಗಳಿಕೆಯ ಪಾಲನ್ನು ಇಳಿಸಿದರು. ಸಹೀಹ್ ಬುಖಾರಿಯಲ್ಲಿ ಈ ವರದಿಯಿದೆ. ಆ ಕೂಲಿ ನಿಷಿದ್ಧವಾಗಿದ್ದರೆ ಪ್ರವಾದಿಯವರು ಕೊಡುತ್ತಲೇ ಇರಲಿಲ್ಲ ಎಂದು ಇಬ್ನ್ ಅಬ್ಬಾಸ್(ರ) ವಾದಿಸಿದರು. ಹೀಗಿದ್ದೂ ನಂತರದ ಶತಮಾನಗಳ ಕೆಲವು ಫಿಕ್‌ಹ್ ಗ್ರಂಥಗಳು ವಿವಾಹದ 'ಕುಫು', ಅಂದರೆ ಸಮಾನತೆಯ ಚರ್ಚೆಯಲ್ಲಿ ಹಜ್ಜಾಮರನ್ನು, ನೇಕಾರರನ್ನು, ಚರ್ಮ ಹದ ಮಾಡುವವರನ್ನು ಕೆಳಗಿನ ಕಸುಬಿನವರೆಂದು ಎಣಿಸಿದವು. ನಮ್ಮ ನೆರೆಯ ಮಲಬಾರಿನಲ್ಲಿ ಮಾಪ್ಪಿಳ ಮುಸ್ಲಿಮರ ನಡುವೆ ಕ್ಷೌರ ಮಾಡುವ ಒಸ್ಸಾನರೊಂದಿಗೆ ಉಳಿದವರು ಹೆಣ್ಣು-ಗಂಡು ಕೊಟ್ಟು ತರದ ಪರಂಪರೆ ಬೆಳೆಯಿತು. ಆ ಕುಟುಂಬಗಳ ಹೆಂಗಸರೇ ಸೂಲಗಿತ್ತಿಯರು, ಬಾಣಂತಿಯರಿಗೆ ಎಣ್ಣೆ ತಿಕ್ಕಿ ಮೀಯಿಸುವವರು. ಕೂಸನ್ನು ಮೊದಲು ಎತ್ತಿಕೊಂಡ ಕೈಗಳವು. ಒಂದೇ ಸಾಲಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಮಾಝ್ ಮಾಡುವವರ ನಡುವೆ ಈ ಗೋಡೆ ಹೇಗೆ ಎದ್ದಿತು ಎಂದು ಕೇಳಿಕೊಳ್ಳದೆ ಸಮಾನತೆಯ ಭಾಷಣ ಮಾಡುವುದರಲ್ಲಿ ಅರ್ಥವಿಲ್ಲ.

ಅವಮಾನ ಎಷ್ಟು ಆಳಕ್ಕಿಳಿಯುತ್ತದೆಂದರೆ, ಅದನ್ನು ಉಂಡವನೇ ತನಗಿಂತ ಕೆಳಗಿದ್ದಾನೆಂದು ತಿಳಿದವನಿಗೆ ಬಡಿಸುತ್ತಾನೆ. ದಲಿತರ ತಲೆ ಮುಟ್ಟಲು ನಿರಾಕರಿಸುವ ಕ್ಷೌರದಂಗಡಿಗಳ ಸುದ್ದಿ ನಮ್ಮ ರಾಜ್ಯದಲ್ಲಿ ಇನ್ನೂ ನಿಂತಿಲ್ಲ. 2024ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲೂಕಿನ ಸಂಗನಾಳದಲ್ಲಿ ಇಂತಹ ನಿರಾಕರಣೆಯಿಂದ ಹುಟ್ಟಿದ ಜಗಳ ದಲಿತ ಯುವಕನೊಬ್ಬನ ಕೊಲೆಯಲ್ಲಿ ಮುಗಿಯಿತು. ತಲೆಯನ್ನು ಮುಟ್ಟುವುದು, ಮುಟ್ಟದಿರುವುದು ಇಲ್ಲಿ ಆರಾಮದ ವಿಷಯವಲ್ಲ. ಮನುಷ್ಯನನ್ನು ಮನುಷ್ಯನೆಂದು ಒಪ್ಪುವ ವಿಷಯ.

ಪಾಟ್ನಾದಿಂದ ಬ್ರೈಟನ್ನಿಗೆ

ಈ ಕೀಳರಿಮೆಯ ಕಸುಬನ್ನು ಗೌರವದ ವೃತ್ತಿಯಾಗಿಸಿದ ಭಾರತೀಯನೊಬ್ಬನ ಕಥೆ ಕುತೂಹಲಕಾರಿ. ಅವನ ಹೆಸರು ಶೇಖ್ ದೀನ್ ಮುಹಮ್ಮದ್. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ. ತಂದೆ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯದಲ್ಲಿದ್ದವರು. ಅವರು ತೀರಿಕೊಂಡಾಗ ಇವನು ಹನ್ನೊಂದರ ಆಸುಪಾಸಿನ ಹುಡುಗ. ಗಾಡ್‌ಫ್ರೀ ಬೇಕರ್ ಎಂಬ ಅಧಿಕಾರಿಯ ಹಿಂದೆ ಸೈನ್ಯ ಸೇರಿದ. 1784ರಲ್ಲಿ ಬೇಕರನೊಂದಿಗೇ ಐರ್ಲೆಂಡಿನ ಕಾರ್ಕ್ ನಗರಕ್ಕೆ ಹೋದ. ಅಲ್ಲಿ ಜೇನ್ ಡ್ಯಾಲಿ ಎಂಬವಳನ್ನು ಮದುವೆಯಾದ. ಅದಕ್ಕಾಗಿ ಕ್ರೈಸ್ತ ಮತಕ್ಕೂ ಸೇರಿದ. 1794ರಲ್ಲಿ ಅವನು ಪ್ರಕಟಿಸಿದ ಪ್ರವಾಸ ಕಥನ ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕವೆಂದು ಹೆಸರಾಗಿದೆ.

ಬಳಿಕ ಲಂಡನ್ನಿಗೆ ಬಂದ. ಭಾರತದಲ್ಲಿ ಹಣ ಮಾಡಿ ಮರಳಿದ್ದ ಬೇಸಿಲ್ ಕಾಕ್ರನ್ ಎಂಬ ಶ್ರೀಮಂತ ಪೋರ್ಟ್‌ಮನ್ ಸ್ಕ್ವೇರಿನಲ್ಲಿ ಹಬೆಸ್ನಾನದ ಮನೆ ನಡೆಸುತ್ತಿದ್ದ. ಅಲ್ಲಿ ದೀನ್ ಮುಹಮ್ಮದ್ ಕೆಲಸ ಮಾಡಿದ. 1810ರಲ್ಲಿ ಅದೇ ಪ್ರದೇಶದಲ್ಲಿ 'ಹಿಂದೂಸ್ತಾನೀ ಕಾಫಿ ಹೌಸ್' ತೆರೆದ. ಲಂಡನ್ನಿನಲ್ಲಿ ಭಾರತೀಯನೊಬ್ಬ ಭಾರತೀಯ ಅಡುಗೆಗಾಗಿ ತೆರೆದ ಮೊದಲ ಉಪಾಹಾರ ಗೃಹವದು. ಆದರೆ 1812ರಲ್ಲಿ ದಿವಾಳಿಯಾದ. ಸೇನೆಯಲ್ಲಿ ದುಡಿದವನು, ಪುಸ್ತಕ ಬರೆದವನು 1813ರಲ್ಲಿ ಮನೆಯಾಳಿನ ಕೆಲಸ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕಾಯಿತು. ಆಗ ಅವನಿಗೆ ಐವತ್ತು ದಾಟಿತ್ತು.

ಬದುಕು ಅಲ್ಲಿಗೆ ಮುಗಿಯಲಿಲ್ಲ. 1814ರ ಹೊತ್ತಿಗೆ ಸಮುದ್ರ ತೀರದ ಬ್ರೈಟನ್ ಪಟ್ಟಣಕ್ಕೆ ಹೋಗಿ ಚಂಪಿಯನ್ನೇ ಬಂಡವಾಳ ಮಾಡಿಕೊಂಡ. ಗಿಡಮೂಲಿಕೆ ಬೆರೆಸಿದ ಹಬೆಯಲ್ಲಿ ರೋಗಿಯನ್ನು ಕೂರಿಸುತ್ತಿದ್ದರು. ಸುತ್ತ ಫ್ಲಾನೆಲ್ ಬಟ್ಟೆಯ ಡೇರೆ. ಅದರ ಸೀಳುಗಳಿಂದ ಕೈ ತೂರಿಸಿ ರೋಗಿಯ ಮೈಯನ್ನು ಒತ್ತಿ ನಾದುತ್ತಿದ್ದರು. ಹೆಂಗಸರ ವಿಭಾಗವನ್ನು ಜೇನ್ ನೋಡಿಕೊಳ್ಳುತ್ತಿದ್ದಳು. 1821ರ ಹೊತ್ತಿಗೆ ಕಡಲಿಗೆ ಮುಖ ಮಾಡಿದ ಭವ್ಯ 'ಮಹಮದ್ ಬಾತ್ಸ್' ಎದ್ದು ನಿಂತಿತು. ಕೀಲುನೋವು ವಾಸಿಯಾದವರು ಬಿಟ್ಟುಹೋದ ಊರುಗೋಲುಗಳನ್ನು ಅಲ್ಲಿ ಗೋಡೆಗೆ ತೂಗುಹಾಕಿದ್ದರಂತೆ. 1822ರಲ್ಲಿ ಚಂಪಿಯ ಮೇಲೆ ಪುಸ್ತಕವನ್ನೇ ಬರೆದ. ನಾಲ್ಕನೆಯ ಜಾರ್ಜ್ ಮತ್ತು ಅವನ ನಂತರ ನಾಲ್ಕನೆಯ ವಿಲಿಯಮ್, ಇಬ್ಬರು ಅರಸರಿಗೂ ಅವನು 'ಶಾಂಪೂಯಿಂಗ್ ಸರ್ಜನ್' ಆದ. ಅಂದರೆ ಚಂಪಿ ವೈದ್ಯ!

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಗೌರವ ಅವನಿಗೆ ಸುಲಭವಾಗಿ ಸಿಗಲಿಲ್ಲ. ಬರೀ ಮೈ ಒತ್ತುವವನು ಎಂದರೆ ಇಂಗ್ಲೆಂಡಿನಲ್ಲೂ ಅವನು ಸೇವಕನೇ ಆಗಿರುತ್ತಿದ್ದ. ಹಾಗಾಗಿ ತನ್ನ ಹುಟ್ಟಿದ ವರ್ಷವನ್ನು ಹತ್ತು ವರ್ಷ ಹಿಂದಕ್ಕೆ ಹಾಕಿ, ಸೈನ್ಯ ಸೇರುವ ಮೊದಲು ತಾನು ವೈದ್ಯಕೀಯ ತರಬೇತಿ ಪಡೆದಿದ್ದೆನೆಂದು ಹೇಳಿಕೊಂಡ. ಅವನ ಬಗ್ಗೆ ವಿಸ್ತಾರವಾಗಿ ಸಂಶೋಧನೆ ಮಾಡಿದ ಇತಿಹಾಸಕಾರ ಮೈಕೆಲ್ ಫಿಶರ್ ಇದನ್ನು ಬಿಡಿಸಿ ತೋರಿಸಿದ್ದಾರೆ. ಸುಳ್ಳನ್ನು ಸಮರ್ಥಿಸಬೇಕಿಲ್ಲ. ಆದರೆ ಕೈಯಲ್ಲಿ ವಿದ್ಯೆಯಿದ್ದರೂ ಪದವಿಯ ಅಂಗಿ ತೊಡದೆ ಮರ್ಯಾದೆ ಸಿಗದ ಲೋಕದ ಬಗ್ಗೆಯೂ ಅದು ಹೇಳುತ್ತದೆ.

ಕೊನೆಗಾಲದಲ್ಲಿ ಸ್ನಾನಗೃಹ ಅವನ ಕೈತಪ್ಪಿತು. 1851ರಲ್ಲಿ ಬ್ರೈಟನ್ನಿನಲ್ಲಿ ತೀರಿಕೊಂಡ. ಅವನ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮದ್ (1849-1884) ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯನಾಗಿ, ನಾಡಿ ಅಳೆಯುವ ಉಪಕರಣವನ್ನು ಸುಧಾರಿಸಿ, ರಕ್ತದೊತ್ತಡದ ಅಧ್ಯಯನದ ಮೊದಲಿಗರಲ್ಲಿ ಒಬ್ಬನಾದ. ಅಜ್ಜನ ಬೆರಳುಗಳು ಹುಡುಕಿದ್ದನ್ನೇ ಮೊಮ್ಮಗ ಉಪಕರಣದಲ್ಲಿ ಹುಡುಕಿದ ಎನ್ನಬಹುದು. ಲಂಡನ್ನಿನ ಕಾಫಿ ಹೌಸ್ ಇದ್ದ ಬೀದಿಯಲ್ಲಿ 2005ರಲ್ಲಿ ಸ್ಮಾರಕ ಫಲಕ ಹಾಕಿದರು.

ಹೆಸರು ಉಳಿಯಿತು, ಕೈ ಹೋಯಿತು

1850ರ ದಶಕದಿಂದ ಇಂಗ್ಲೆಂಡಿನಲ್ಲಿ ಟರ್ಕಿ ಮಾದರಿಯ ಹಮಾಮುಗಳು ಹರಡಿದವು. ಅಲ್ಲಿ ಮೈ ಉಜ್ಜಿ ಸೋಪು ಹಚ್ಚಿ ತೊಳೆಯುವವನಿಗೆ 'ಶಾಂಪೂಯರ್' ಎಂದೇ ಹೆಸರಾಯಿತು. ಒತ್ತುವುದರ ಜೊತೆಗೆ ತೊಳೆಯುವುದು ಸೇರಿತು. ಕ್ಷೌರದಂಗಡಿಗಳಿಗೆ ಬಂದಾಗ ಪದ ಮೈಯಿಂದ ತಲೆಗೆ ಸೀಮಿತವಾಯಿತು. 1860ರ ಹೊತ್ತಿಗೆ ತಲೆ ತೊಳೆಯುವುದೇ ಶಾಂಪೂ ಎಂಬ ಅರ್ಥ ಬೇರೂರಿತು. 1903ರಲ್ಲಿ ಬರ್ಲಿನ್ನಿನ ಹನ್ಸ್ ಶ್ವಾರ್ಜ್‌ಕೋಫ್ ತಲೆ ತೊಳೆಯುವ ಪುಡಿಯನ್ನು ಪೊಟ್ಟಣದಲ್ಲಿ ಮಾರಿದ. 1930ರ ದಶಕದಲ್ಲಿ ಸೋಪಿಲ್ಲದ ರಾಸಾಯನಿಕ ಶಾಂಪೂ ಅಮೆರಿಕದಲ್ಲಿ ಬಂತು. 1980ರ ದಶಕದಲ್ಲಿ ತಮಿಳುನಾಡಿನ ಉದ್ಯಮಿಗಳು ಅದನ್ನು ಸಣ್ಣ ಪೊಟ್ಟಣಕ್ಕೆ ತುಂಬಿ ಹಳ್ಳಿಹಳ್ಳಿಗೆ ಮುಟ್ಟಿಸಿದರು. ಹೀಗೆ ಇಲ್ಲಿಂದ ಹೋದ ಪದ ನೂರಾರು ವರ್ಷ ಅಲೆದು ಮರಳಿ ನಮ್ಮ ಗೂಡಂಗಡಿಗೆ ಬಂತು. ಆದರೆ ಹೋಗುವಾಗ ಇನ್ನೊಬ್ಬರ ಕೈಯಾಗಿದ್ದದ್ದು ಬರುವಾಗ ಒಬ್ಬೊಬ್ಬರೇ ಬಳಸುವ ದ್ರವವಾಗಿತ್ತು. ಹಮಾಮ್ ಕೂಡ ನಮಗೆ ಸಾಬೂನಿನ ಹೆಸರಾಗಿಯೇ ಹೆಚ್ಚು ಪರಿಚಿತವಲ್ಲವೇ?

ನಗರದ ಬೀದಿಯಲ್ಲಿ ಮಾತ್ರ ಚಂಪಿವಾಲಾ ಬಹುಕಾಲ ಉಳಿದ. ಗುರುದತ್ತರ 'ಪ್ಯಾಸಾ' (1957) ಚಿತ್ರದಲ್ಲಿ ಎಣ್ಣೆ ಸೀಸೆಗಳನ್ನು ಹಿಡಿದು ಹಾಡುತ್ತ ಅಲೆಯುವ ಅಬ್ದುಲ್ ಸತ್ತಾರ್‌ನನ್ನು ಹಳೆಯ ತಲೆಮಾರು ಮರೆತಿಲ್ಲ. ಸಾಹಿರ್ ಬರೆದು, ಎಸ್.ಡಿ. ಬರ್ಮನ್ ಸಂಯೋಜಿಸಿ, ಮುಹಮ್ಮದ್ ರಫಿ ಹಾಡಿದ ಆ ಹಾಡಿಗೆ ಅಭಿನಯಿಸಿದ ಜಾನಿ ವಾಕರ್ (ಬದ್ರುದ್ದೀನ್ ಕಾಝಿ) ಸ್ವತಃ ಮುಂಬಯಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ಕವಿಗೆ ಜಗತ್ತು ಬೆನ್ನು ತಿರುಗಿಸುವ ಆ ಚಿತ್ರದಲ್ಲಿ ಕವಿಯ ನಿಷ್ಠ ಗೆಳೆಯ ಈ ಮಾಲೀಸಿನವನೇ ಎಂಬುದು ಗಮನಾರ್ಹ.

ಲಂಡನ್ನಿಗೆ ಚಂಪಿ ಮತ್ತೊಮ್ಮೆ ಹೋಯಿತು. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡಿದ್ದ ನರೇಂದ್ರ ಮೆಹ್ತಾ 1970ರ ದಶಕದಲ್ಲಿ ಅಲ್ಲಿಗೆ ಹೋದಾಗ ಅಲ್ಲಿನ ಮಸಾಜಿನಲ್ಲಿ ತಲೆಯನ್ನೇ ಬಿಟ್ಟಿರುವುದನ್ನು ಕಂಡರು. ನಂತರದ ವರ್ಷಗಳಲ್ಲಿ ಚಂಪಿಯನ್ನು ಪಾಠವಾಗಿ ರೂಪಿಸಿ ಕಲಿಸಿದರು. ಮೊದಲು ಕೊಟ್ಟದ್ದನ್ನು ಅವರು ಮರೆತಿದ್ದರು. ಎರಡನೆಯ ಸಲ ಕೊಡಬೇಕಾಯಿತು.

ಮನೆಯಲ್ಲಿ ಮತ್ತೆ

ಇಂದು ದೊಡ್ಡ ನಗರಗಳಲ್ಲಿ ಸಾವಿರಾರು ರೂಪಾಯಿ ತೆತ್ತು ತಲೆ ಒತ್ತಿಸಿಕೊಳ್ಳುವವರಿದ್ದಾರೆ. ಅದು ತಪ್ಪಲ್ಲ, ದುಡಿವ ಕೈಗೆ ಕೂಲಿ ಸಿಗಲಿ. ಆದರೆ ಮನೆಯಲ್ಲಿ ಒಬ್ಬರಿಗೊಬ್ಬರು ಮಾಡಬಹುದಾದ ಈ ಉಪಕಾರ ಖರ್ಚಿನದಲ್ಲ, ಕಷ್ಟದ್ದೂ ಅಲ್ಲ. ಮಾಡಿಸಿಕೊಳ್ಳುವವರು ನೆಲದ ಮೇಲೋ ತಗ್ಗಿನ ಮಣೆಯ ಮೇಲೋ ಕೂರಲಿ, ಮಾಡುವವರು ಹಿಂದೆ ಎತ್ತರದಲ್ಲಿರಲಿ. ಎಣ್ಣೆ ಉಗುರು ಬೆಚ್ಚಗಿದ್ದರೆ ಸಾಕು. ಮೊದಲು ಅಂಗೈಯನ್ನು ನೆತ್ತಿಯ ಮೇಲಿಟ್ಟು ಒಂದಿಷ್ಟು ಹೊತ್ತು ಸುಮ್ಮನಿರಬೇಕು. ಬಳಿಕ ಉಗುರು ತಾಗದಂತೆ ಬೆರಳ ತುದಿಯ ಮೆತ್ತನೆಯ ಭಾಗದಿಂದ ಹಣೆಯಂಚಿನಿಂದ ಹಿಂದಲೆಯವರೆಗೆ ಸಣ್ಣ ಸಣ್ಣ ಸುತ್ತುಗಳಲ್ಲಿ ಒತ್ತುತ್ತ ಹೋಗಬೇಕು. ಬೆರಳು ಕೂದಲ ಮೇಲೆ ಜಾರಬಾರದು, ಬೆರಳಿನೊಂದಿಗೆ ತಲೆಯ ಚರ್ಮವೇ ಕದಲಬೇಕು. ಕಣತಲೆಗೆ ಹಗುರವಾಗಿ, ಕಿವಿಯ ಹಿಂದೆ ನಿಧಾನವಾಗಿ, ಕತ್ತಿನ ಹಿಂಬದಿಯ ಬಿಗಿದ ಸ್ನಾಯುಗಳಿಗೆ ಹೆಬ್ಬೆರಳಿನಿಂದ ಸ್ವಲ್ಪ ಗಟ್ಟಿಯಾಗಿ ಒತ್ತಬೇಕು. ಹತ್ತು ಹದಿನೈದು ನಿಮಿಷ ಸಾಕು. ಗಟ್ಟಿಯಾಯಿತೇ, ಹದವಾಗಿದೆಯೇ ಎಂದು ನಡುನಡುವೆ ಕೇಳುವುದು ಒಳ್ಳೆಯದು.

ಕೆಲವು ಎಚ್ಚರಿಕೆಗಳೂ ಬೇಕು. ಕುತ್ತಿಗೆಯನ್ನು ತಟ್ಟನೆ ತಿರುಗಿಸಿ ಲಟಕ್ಕೆನ್ನಿಸುವುದನ್ನು ಮನೆಯಲ್ಲಾಗಲೀ ಅಂಗಡಿಯಲ್ಲಾಗಲೀ ಮಾಡಿಸಿಕೊಳ್ಳಲೇಬಾರದು. ಕುತ್ತಿಗೆಯ ರಕ್ತನಾಳ ಹರಿದು ಪಾರ್ಶ್ವವಾಯುವಾದ ಪ್ರಕರಣಗಳಿವೆ. ಎಳೆಗೂಸಿನ ನೆತ್ತಿ ಕೂಡುವವರೆಗೆ, ಅಂದರೆ ಸುಮಾರು ಒಂದೂವರೆ ವರ್ಷದವರೆಗೆ, ಅಲ್ಲಿ ಎಣ್ಣೆ ಸವರಬೇಕೇ ಹೊರತು ಒತ್ತಬಾರದು. ತಲೆಗೆ ಪೆಟ್ಟಾದಾಗ, ಹುಣ್ಣಿದ್ದಾಗ, ಜ್ವರವಿದ್ದಾಗ ಬೇಡ. ಎಂದೂ ಇಲ್ಲದಂತಹ ತಲೆನೋವು ಇದ್ದಕ್ಕಿದ್ದಂತೆ ಬಂದರೆ ಎಣ್ಣೆಯ ಸೀಸೆ ಹುಡುಕದೆ ಆಸ್ಪತ್ರೆಗೆ ಹೋಗಬೇಕು. ಹೊಟ್ಟು ಹೆಚ್ಚಿರುವವರು ಎಣ್ಣೆಯನ್ನು ರಾತ್ರಿಯಿಡೀ ಬಿಟ್ಟರೆ ತೊಂದರೆ ಹೆಚ್ಚಾಗಬಹುದು. ಬೋಳು ತಲೆಯಲ್ಲಿ ಕೂದಲು ಬೆಳೆಸುತ್ತೇವೆಂಬ ಜಾಹೀರಾತುಗಳನ್ನು ನಂಬಬೇಕಿಲ್ಲ. ಮೈ ಹಗುರಾಗುವುದು, ಮನಸ್ಸು ಇಳಿಯುವುದು, ನಿದ್ರೆ ಬರುವುದು, ಇಷ್ಟು ಸಾಲದೇ?

ಇನ್ನುಳಿದ ಪ್ರಶ್ನೆ, ಯಾರು ಯಾರಿಗೆ ಮಾಡಬೇಕು ಎಂಬುದು. ನಮ್ಮ ಮನೆಗಳಲ್ಲಿ ಎಲ್ಲರ ತಲೆಗೂ ಎಣ್ಣೆ ಒತ್ತಿದವಳು ತಾಯಿ. ಅವಳ ತಲೆಗೆ ಒತ್ತಿದವರು ಯಾರು? ಅರಮನೆಯ ಆ ನಾಲ್ವರು ಸೇವಕರ ಹೆಸರು ಚರಿತ್ರೆಯಲ್ಲಿ ಇಲ್ಲವೆಂದು ಮರುಗುವ ನಾವು ನಮ್ಮ ಮನೆಯೊಳಗಿನ ಕೈಗಳನ್ನು ಹಾಗೆಯೇ ಮರೆತಿದ್ದೇವೆ. ಪ್ರವಾದಿ(ಸ)ಯವರು ಮಸೀದಿಯಲ್ಲಿ ಇಅ್‌ತಿಕಾಫ್ ಕುಳಿತಿದ್ದಾಗ ತಲೆಯನ್ನು ಕೋಣೆಯ ಕಡೆಗೆ ಚಾಚುತ್ತಿದ್ದರು, ಹ. ಆಯಿಶಾ(ರ) ಅವರ ತಲೆ ಬಾಚುತ್ತಿದ್ದರು ಎಂಬ ವರದಿಯನ್ನು ನಾವು ಪ್ರೀತಿಯಿಂದ ಉದಾಹರಿಸುತ್ತೇವೆ. ಮನೆಯಲ್ಲಿರುವಾಗ ಪ್ರವಾದಿಯವರು ಮನೆಯವರ ಸೇವೆಯಲ್ಲಿ ತೊಡಗಿರುತ್ತಿದ್ದರೆಂದು ಅದೇ ಆಯಿಶಾ(ರ) ಹೇಳಿರುವುದನ್ನು ಅಷ್ಟೇ ಪ್ರೀತಿಯಿ೦ದ ನೆನೆಯುವುದಿಲ್ಲ. ಹೃದಯ ಕಲ್ಲಾಗಿದೆ ಎಂದು ದೂರಿಕೊಂಡವನಿಗೆ ಅನಾಥನ ತಲೆ ನೇವರಿಸೆಂದು ಅವರು ಹೇಳಿದ ವರದಿಯೂ ಇದೆ. ಗಮನಿಸಿ, ಮದ್ದು ಬೇಕಾಗಿದ್ದುದು ನೇವರಿಸುವವನಿಗೆ.

ಮುಂದಿನ ಸಲ ಕ್ಷೌರದಂಗಡಿಯಲ್ಲಿ ಕಣ್ಣು ಮುಚ್ಚಿ ತಲೆ ಒಪ್ಪಿಸಿ ಕುಳಿತಾಗ ಆ ಕೈಯ ಹಿಂದೆ ಎರಡು ಸಾವಿರ ವರ್ಷಗಳ ವಿದ್ಯೆಯಿದೆ, ಅಷ್ಟೇ ಹಳೆಯ ಅವಮಾನವೂ ಇದೆ ಎಂಬುದು ನೆನಪಿರಲಿ. ಆ ಕಸುಬಿನ ಹೆಸರನ್ನು ಬೈಗುಳವಾಗಿ ಬಳಸುವುದನ್ನು ನಿಲ್ಲಿಸೋಣ. ರಜೆಯ ದಿನ ಬೆಳಿಗ್ಗೆ ಗಂಡುಮಕ್ಕಳು ಎಣ್ಣೆ ಬಿಸಿ ಮಾಡಿಕೊಂಡು ವಯಸ್ಸಾದ ತಾಯಿಯನ್ನೋ, ದಣಿದ ಹೆಂಡತಿಯನ್ನೋ ಮಣೆಯ ಮೇಲೆ ಕೂರಿಸಲಿ. ವಿದ್ಯೆ ಬಾರದೆಂಬ ನೆಪ ಬೇಡ. ಚಿಕ್ಕಂದಿನಲ್ಲಿ ಆ ಕೈಗಳು ನಮ್ಮ ತಲೆಗೆ ಕಲಿಸಿದ್ದನ್ನು ನಮ್ಮ ಬೆರಳುಗಳು ಮರೆತಿರಲಾರವು.